ಬಿದ್ದ ಕಂಬ ಕಾಣುವ ಗೋಡೆ

ಅಥೆನ್ಸ್‌ಗೆ ಬಂದು ಆರು ವರ್ಷವಾಯಿತು. ಊರಿಂದ ಯಾರೇ ಬಂದರೂ ಇಲ್ಲಿನ ಬೆಟ್ಟದ ಕೋಟೆ ಅಕ್ರೊಪೊಲಿಸ್ ತೋರಿಸು ಅನ್ನುತ್ತಾರೆ. ನಾನು ಅವರನ್ನು ನೇರ ಮೇಲಕ್ಕೆ ಹತ್ತಿಸುವುದಿಲ್ಲ. ಮೊದಲು ಕೆಳಗೆ ನಿಲ್ಲಿಸಿ, ಬೆಟ್ಟದ ಉತ್ತರದ ಕೋಟೆಗೋಡೆ ನೋಡಿ ಅನ್ನುತ್ತೇನೆ. ಅಲ್ಲಿ ಕಲ್ಲುಗಳ ನಡುವೆ ದುಂಡನೆಯ ಕಂಬದ ತುಂಡುಗಳು ಸಾಲಾಗಿ ಕೂತಿವೆ.

ಕ್ರಿ.ಪೂ. 480ರಲ್ಲಿ ಪರ್ಷಿಯನ್ನರು ಬೆಟ್ಟ ಹತ್ತಿ ಗುಡಿಗಳನ್ನು ಸುಟ್ಟರು. ಅಥೀನಾ ದೇವಿಗೆ ಅಂತ ಕಟ್ಟುತ್ತಿದ್ದ ಹೊಸ ಗುಡಿ ಇನ್ನೂ ಮುಗಿದಿರಲಿಲ್ಲ. ಅದೂ ಹೋಯಿತು. ಊರಿಗೆ ಮರಳಿದ ಜನ ಅದರ ಕಂಬದ ತುಂಡುಗಳನ್ನೇ ಗೋಡೆಗೆ ಸೇರಿಸಿದರು. ಸುಮ್ನೆ ಕಲ್ಲು ಸಾಲದೆ ಹಾಗೆ ಮಾಡಿದರು ಅಂತ ನನಗೆ ಅನಿಸುವುದಿಲ್ಲ. ಸಂತೆ, ಸಭೆ ಎಲ್ಲ ಸೇರುತ್ತಿದ್ದ ಅಗೋರಾದಿಂದ ತಲೆಯೆತ್ತಿದರೆ ಕಾಣುವ ಹಾಗೆಯೇ ಜೋಡಿಸಿದ್ದಾರೆ. ಈಗ ನಾವು ಬೆಟ್ಟದ ಮೇಲೆ ನೋಡುವ ಅಥೀನಾ ಗುಡಿ ಪಾರ್ಥೆನಾನ್ ಶುರುವಾಗಿದ್ದು ಆಮೇಲೆ, ಕ್ರಿ.ಪೂ. 447ರಲ್ಲಿ.

ಆ ಪಾರ್ಥೆನಾನಿನಲ್ಲಿ ತುರ್ಕರು ಸಿಡಿಮದ್ದು ತುಂಬಿಟ್ಟಿದ್ದರು. 1687ರಲ್ಲಿ ವೆನಿಸ್ ಸೇನೆಯ ಗುಂಡು ಬಿದ್ದು ಸಿಡಿಯಿತು. ಆಮೇಲೆ ಇಪ್ಪತ್ತನೇ ಶತಮಾನದಲ್ಲಿ ರಿಪೇರಿಗೆ ಹಾಕಿದ ಕಬ್ಬಿಣದ ಕೊಂಡಿಗಳು ತುಕ್ಕು ಹಿಡಿದು, ಉಬ್ಬಿ, ಕಲ್ಲನ್ನೇ ಸೀಳಿದವು. ಮೊದಲು ಕಟ್ಟಿದವರು ಕೊಂಡಿಯ ಸುತ್ತ ಸೀಸ ಎರೆದಿದ್ದರು, ನೀರು ತಾಗುತ್ತಿರಲಿಲ್ಲ. 1975ರಲ್ಲಿ ಇದನ್ನು ಸರಿಪಡಿಸಲು ಒಂದು ಸಮಿತಿ ಆಯಿತು. ಕಬ್ಬಿಣ ತೆಗೆದು ಟೈಟಾನಿಯಂ ಹಾಕುವ ಕೆಲಸ ಶುರುವಾಯಿತು. ಹೊಸ ಅಮೃತಶಿಲೆಯೂ ಹಳೆಯದರ ಹಾಗೆ ಅಥೆನ್ಸ್ ಹತ್ತಿರದ ಪೆಂಟೆಲಿ ಬೆಟ್ಟದ್ದೇ. ಹಳೇ ಕಲ್ಲು ಜೇನಿನ ಬಣ್ಣ, ಹೊಸದು ಬೆಳ್ಳಗೆ. ಯಾವುದು ಯಾವ ಕಾಲದ್ದು ಅಂತ ಚಿಕ್ಕ ಮಗುವಿಗೂ ಗೊತ್ತಾಗುತ್ತದೆ. ನನಗೆ ತುಂಬಾ ಹಿಡಿಸಿದ್ದು ಇದೇ.

ನಮ್ಮೂರ ಹತ್ತಿರವೂ ಒಂದು ಬೆಟ್ಟದ ಕೋಟೆ ಇದೆ. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿದ ಗೋಡೆ. ಹೋದ ಸಲ ರಜೆಗೆ ಹೋದಾಗ ಸಂದಿಗೆಲ್ಲ ಸಿಮೆಂಟ್ ಮೆತ್ತಿದ್ದರು. "ಗಟ್ಟಿ ಮಾಡಿದೀವಿ ಸಾರ್" ಅಂದರು ಅಲ್ಲಿದ್ದವರು. ಹೊಟ್ಟೆ ಉರಿಯಿತು. ಸಂದಿಯಿಂದ ಇಳಿದು ಹೋಗುತ್ತಿದ್ದ ಮಳೆನೀರು ಇನ್ನು ಎಲ್ಲಿಗೆ ಹೋಗಬೇಕು? ಒಳಗೇ ನಿಂತು ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ, ಅಲ್ವಾ?

ಒಂದು ಮಾತಲ್ಲಿ ಮಾತ್ರ ನಮ್ಮ ರೀತಿಯೇ ನನಗೆ ಜಾಸ್ತಿ ಇಷ್ಟ. ಚಿತ್ರದುರ್ಗದ ಕೋಟೆಯೊಳಗೆ ಏಕನಾಥೇಶ್ವರಿ ಅಮ್ಮನಿಗೆ ಇವತ್ತಿಗೂ ಪೂಜೆ ನಡೆಯುತ್ತದೆ. ಪಾರ್ಥೆನಾನಿನಲ್ಲಿ ಅಥೀನಾಗೆ ದೀಪ ಹಚ್ಚುವವರಿಲ್ಲ. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಎಲ್ಲರೂ ಇಳಿಯಬೇಕು. ಆಗೆಲ್ಲ ನನಗೆ ದುರ್ಗದ ಗಂಟೆ ಸದ್ದು ನೆನಪಾಗುತ್ತದೆ.

ಮುಂದಿನ ರಜೆಗೆ ಅರ್ಜಿ ಬರೆದುಕೊಂಡೇ ಹೋಗುತ್ತೇನೆ, ಆ ಸಿಮೆಂಟ್ ಕೀಳಿಸಿ ಅಂತ. ಹಳೇ ಕಂಬದಲ್ಲಿ ಬೆಳ್ಳಗೆ ಕಾಣುವ ಹೊಸ ತುಂಡಿನ ಫೋಟೋ ಒಂದನ್ನು ಅದಕ್ಕೆ ಅಂಟಿಸಿದ್ದೇನೆ.