ಚಕ್ರಮುನಿ ಸೊಪ್ಪಿಗೆ ಆ ಹೆಸರು ಬಂದ ಬಗೆ

ನಮ್ಮ ಹಿತ್ತಲಿನ ಬೇಲಿಯುದ್ದಕ್ಕೂ ಬೆಳೆದಿರುವ ಚಕ್ರಮುನಿ ಗಿಡಗಳನ್ನು ಕಂಡವರಲ್ಲಿ ಹೆಚ್ಚಿನವರು, ಈ ಹೆಸರಿನ ಮುನಿ ಯಾರು ಎಂದು ಕೇಳುತ್ತಾರೆ. ಯಾವುದೋ ಋಷಿ ಈ ಸೊಪ್ಪನ್ನೇ ತಿಂದು ತಪಸ್ಸು ಮಾಡಿದನೆಂದು ಚಿಕ್ಕಂದಿನಲ್ಲಿ ಕೇಳಿದ್ದನ್ನು ನಾನೂ ಬಹಳ ಕಾಲ ನಂಬಿದ್ದೆ. ಎಲೆಗಳ ಕಡ್ಡಿಯನ್ನು ಮಗುಚಿ ನೋಡಿದರೆ, ಅಂಗಿಯ ಗುಂಡಿಗಿಂತಲೂ ಚಿಕ್ಕದಾದ, ಚಪ್ಪಟೆಯಾದ ಕೆಂಪು ಹೂಗಳು ಸಾಲಾಗಿ ತೂಗುತ್ತಿರುತ್ತವೆ. ಹೆಸರಿನಲ್ಲಿರುವ ಚಕ್ರ ಅದೇ ಇರಬೇಕೆಂದೂ ಅಂದುಕೊಂಡಿದ್ದೆ.

ನಿಜವಾಗಿ ಈ ಹೆಸರು ಬಂದಿರುವುದು ಸಮುದ್ರದಾಚೆಯಿಂದ. ಮಲೇಷ್ಯಾದ ಮಲಯ ಭಾಷೆಯಲ್ಲಿ ಈ ಗಿಡವನ್ನು ‘ಚೆಕುರ್ ಮಾನಿಸ್’ ಎನ್ನುತ್ತಾರೆ. ‘ಮಾನಿಸ್’ ಎಂದರೆ ಸಿಹಿ. ಎಳೆಯ ಕುಡಿಯನ್ನು ಬೇಯಿಸಿ ತಿಂದವರಿಗೆ, ಹಸಿ ಬಟಾಣಿಯನ್ನು ನೆನಪಿಸುವ ಆ ಸಿಹಿಯ ಪರಿಚಯವಿರುತ್ತದೆ. ಮಲಯಾಳದಲ್ಲಿ ಅದು ಹೆಚ್ಚು ಬದಲಾಗದೆ ‘ಚೆಕ್ಕುರ್‌ಮಾನಿಸ್’ ಆಗಿ ಉಳಿಯಿತು. ಕನ್ನಡಿಗರು ಮಾತ್ರ ಅರ್ಥವಾಗದ ಆ ಪದದೊಳಗೆ ತಮಗೆ ಗೊತ್ತಿದ್ದ ಎರಡು ಪದಗಳನ್ನು ಕೇಳಿಸಿಕೊಂಡು ‘ಚಕ್ರಮುನಿ’ ಮಾಡಿಕೊಂಡರು. ತಮಿಳರು ಇದನ್ನು ‘ತವಸಿ ಕೀರೈ’, ಎಂದರೆ ತಪಸ್ವಿಯ ಸೊಪ್ಪು, ಎಂದು ಕರೆಯುವುದು ನನಗೆ ಇಂದಿಗೂ ಅಚ್ಚರಿಯ ವಿಷಯ.

ಪರಭಾಷೆಯ ಪದವನ್ನು ಹೀಗೆ ಒಗ್ಗಿಸಿಕೊಳ್ಳುವುದು ಭಾಷೆಯ ಸಹಜ ಗುಣ. ಅದರಲ್ಲಿ ತಪ್ಪೇನೂ ಇಲ್ಲ. ನಮ್ಮ ಕರಾವಳಿಯ ಬಸಳೆಯ ಹೆಸರೂ ಮಲಬಾರಿನ ದಾರಿಯಲ್ಲಿ ಯುರೋಪಿಗೆ ಹೋಗಿ, 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್‌ನ ಪುಸ್ತಕದಲ್ಲಿ ‘ಬಸೆಲ್ಲಾ’ ಎಂದು ದಾಖಲಾಗಿದೆ. ನನ್ನ ಆಕ್ಷೇಪವಿರುವುದು, ಹೆಸರಿಗೆ ತಕ್ಕಂತೆ ಪುರಾಣವೊಂದನ್ನು ಕಟ್ಟಿ ಅದನ್ನೇ ಇತಿಹಾಸವೆಂದು ಹಂಚುವುದಕ್ಕೆ. ಹಾಗೆ ಮಾಡಿದಾಗ ಮಲಯ ಅಡುಗೆಮನೆಯಿಂದ ನಮ್ಮ ಹಿತ್ತಲಿನವರೆಗೆ ಪದವೊಂದು ನಡೆದುಬಂದ ದಾರಿಯೇ ಅಳಿಸಿಹೋಗುತ್ತದೆ.

ಇದಕ್ಕಿರುವ ಇನ್ನೊಂದು ಹೆಸರು, ‘ವಿಟಮಿನ್ ಸೊಪ್ಪು’, ನನ್ನಲ್ಲಿ ಇನ್ನೂ ಹೆಚ್ಚಿನ ಆತಂಕ ಹುಟ್ಟಿಸುತ್ತದೆ. ಆ ಹೆಸರನ್ನು ನಂಬಿ ಹಸಿ ಎಲೆಯನ್ನು ರುಬ್ಬಿ ದಿನವೂ ಕುಡಿಯುವವರನ್ನು ಕಂಡಿದ್ದೇನೆ. 1990ರ ದಶಕದ ಮಧ್ಯಭಾಗದಲ್ಲಿ ತೈವಾನಿನಲ್ಲಿ ತೂಕ ಇಳಿಸಿಕೊಳ್ಳಲೆಂದು ಈ ಹಸಿ ರಸವನ್ನು ವಾರಗಟ್ಟಲೆ ಕುಡಿದ ಅನೇಕರ ಶ್ವಾಸಕೋಶದ ಕಿರುನಾಳಗಳು ಮತ್ತೆ ಸರಿಹೋಗದಂತೆ ಹಾನಿಗೊಂಡವು. ಕೆಲವರಿಗೆ ಶ್ವಾಸಕೋಶವನ್ನೇ ಬದಲಿಸಬೇಕಾಯಿತು. ಮಲೇಷ್ಯಾ, ಇಂಡೋನೇಷ್ಯಾಗಳಲ್ಲಿ ತಲೆಮಾರುಗಳಿಂದ ಇದನ್ನು ತಿನ್ನುವವರು ಸಾಮಾನ್ಯವಾಗಿ ಬೇಯಿಸಿಯೇ ತಿನ್ನುತ್ತಾರೆ.

ನಮ್ಮ ಮನೆಯಲ್ಲಿ ಕುಡಿ ಚಿವುಟಿ ತಂದು, ತೊಗರಿಬೇಳೆಯೊಂದಿಗೆ ಬೇಯಿಸಿ, ಬೆಳ್ಳುಳ್ಳಿ ಒಗ್ಗರಣೆ ಹಾಕಿ ಪಲ್ಯ ಮಾಡುತ್ತೇವೆ. ನೆಡಲೆಂದು ಕಡ್ಡಿ ಕೇಳಿ ಬಂದವರಿಗೆ, ಅದನ್ನು ಬೇಯಿಸಿಯೇ ತಿನ್ನಬೇಕೆಂಬುದನ್ನೂ ಅದರ ಮಲಯ ಹೆಸರನ್ನೂ ಹೇಳಿಯೇ ಕಳುಹಿಸುತ್ತೇನೆ.