ಆಸರಿಗೆ ಏನು ಕೊಡಲಿ?

ಡೇರೆ ಹಾಕುವುದು ಐದು ನಿಮಿಷದ ಕೆಲಸ ಎಂದು ಅದರ ಚೀಲದ ಮೇಲೆ ಬರೆದಿತ್ತು. ನಮಗೆ ಒಂದೂವರೆ ಗಂಟೆ ಹಿಡಿಯಿತು. ಕೊನೆಗೂ ಅದು ಎದ್ದಾಗ, ಕೆಸರಲ್ಲಿ ಕೂತ ಎಮ್ಮೆಯೊಂದು ಏಳಲೋ ಬೇಡವೋ ಎಂದು ಯೋಚಿಸುತ್ತಿರುವಂತೆ ಕಾಣುತ್ತಿತ್ತು. ಒಂದು ಕಡ್ಡಿ ಮಿಕ್ಕಿತ್ತು. ಅದು ಎಲ್ಲಿಗೆ ಸೇರಬೇಕಿತ್ತೆಂದು ಇವತ್ತಿಗೂ ಗೊತ್ತಾಗಿಲ್ಲ. ಸದ್ಯಕ್ಕೆ ಮನೆಯಲ್ಲಿ ಜೇಡರಬಲೆ ತೆಗೆಯಲು ಬಳಸುತ್ತಿದ್ದೇವೆ.

ಸಾಗರ ಪೇಟೆಯಿಂದ ಆಚೆ, ಶರಾವತಿ ಹಿನ್ನೀರಿನ ದಡ. ಮೇ ತಿಂಗಳು. ಲಿಂಗನಮಕ್ಕಿ ಅಣೆಕಟ್ಟು ತುಂಬಿದರೆ ಸಮುದ್ರಮಟ್ಟದಿಂದ 1819 ಅಡಿಯವರೆಗೆ ನಿಲ್ಲುವ ನೀರು ಬೇಸಿಗೆಯಲ್ಲಿ ಎಷ್ಟು ಹಿಂದೆ ಸರಿದಿತ್ತೆಂದರೆ, ದಡವೆಂದುಕೊಂಡು ಇಳಿದ ಜಾಗದಿಂದ ಕಾಲು ಒದ್ದೆ ಮಾಡಿಕೊಳ್ಳಲು ಬಹಳ ದೂರ ನಡೆಯಬೇಕಿತ್ತು. ನಡುವೆ ಬಿರಿದ ಕೆಂಪು ಮಣ್ಣು. ಅದರ ಮೇಲೆ, 1964ರಲ್ಲಿ ಅಣೆಕಟ್ಟು ಮುಗಿದ ಕಾಲಕ್ಕೆ ಮುಳುಗಿದ ಕಾಡಿನ ಕರಿ ಬೊಡ್ಡೆಗಳು. ಫೋಟೊಕ್ಕೆ ಅವು ಬಹಳ ಚೆಂದ. ನೆರಳು ಮಾತ್ರ ಕೊಡುವುದಿಲ್ಲ.

ಬೇಯುವಾಗ ಇಡ್ಲಿಗೆ ಏನನ್ನಿಸುತ್ತದೆ ಎಂದು ತಿಳಿಯಬೇಕಿದ್ದರೆ ನಡುಮಧ್ಯಾಹ್ನ ನೈಲಾನ್ ಡೇರೆಯೊಳಗೆ ಮಲಗಿ ನೋಡಬೇಕು. ಬೆಂಗಳೂರಿನಲ್ಲಿ ಡಬ್ಬಿ ತುಂಬ ತುಂಬಿಸಿಕೊಂಡ ಐಸ್ ತರೀಕೆರೆ ದಾಟುವ ಹೊತ್ತಿಗೇ ನೀರಾಗಿತ್ತು. ಬಾಟಲಿಯ ಕೋಲಾ ಕಷಾಯದ ಹದಕ್ಕೆ ಬಂದಿತ್ತು. ಸಕ್ಕರೆ ಪೊಟ್ಟಣ ಇರುವೆಗಳ ಪಾಲಾಗಿತ್ತು. ಮಗಳು "ಅಪ್ಪಾ, ನಾವು ಯಾಕೆ ಬಂದ್ವಿ?" ಎಂದಳು. ನಾನು ಪ್ರಕೃತಿಯ ಬಗ್ಗೆ ಏನೋ ಹೇಳಲು ಶುರುಮಾಡಿದೆ. ಹೆಂಡತಿ ನೋಡಿದ ನೋಟಕ್ಕೆ ಅಲ್ಲಿಗೇ ನಿಲ್ಲಿಸಿ, ನೀರು ಕೇಳಿಕೊಂಡು ಬರುತ್ತೇನೆಂದು ಏರಿನ ಮೇಲಿನ ಹೆಂಚಿನ ಮನೆಗೆ ಹೊರಟೆ.

ಅಂಗಳದ ತುಂಬ ಮುರುಗಲು ಸಿಪ್ಪೆ ಒಣಗಲು ಹಾಕಿತ್ತು. ಕರಾವಳಿಯವರು ಪುನರ್ಪುಳಿ ಎನ್ನುವುದು ಇದನ್ನೇ. ಏಪ್ರಿಲ್–ಮೇನಲ್ಲಿ ಹಣ್ಣಾಗುತ್ತದೆ, ಸಿಪ್ಪೆ ಬಿಡಿಸಿ, ಅದರದೇ ರಸದಲ್ಲಿ ಮತ್ತೆ ಮತ್ತೆ ಅದ್ದಿ ಒಣಗಿಸಬೇಕು, ಅದೂ ಮಳೆ ಹಿಡಿಯುವುದರೊಳಗೆ. ಬೀಜವನ್ನೂ ಬಿಸಾಡುವುದಿಲ್ಲ. ಅದರಿಂದ ತೆಗೆದ ತುಪ್ಪ ಬಿರಿದ ಹಿಮ್ಮಡಿಗೆ ಮದ್ದು. ಸಿಪ್ಪೆ ಮಗುಚುತ್ತಿದ್ದ ಅಜ್ಜಿ ನನ್ನ ಮುಖ ನೋಡಿದ್ದೇ, "ಆಸರಿಗೆ ಏನು ಕೊಡ್ಲಿ?" ಎಂದರು.

ಈ ಒಂದು ಮಾತಿಗೆ ನಾನು ಸೋತುಹೋಗಿದ್ದೇನೆ. ನಮ್ಮ ಕಡೆ "ಕಾಫಿನೋ ಟೀನೋ?" ಎಂದು ಕೇಳುತ್ತೇವೆ. ಅಂದರೆ ಮನೆಯಲ್ಲಿ ಏನಿದೆ ಎಂಬ ವರದಿ ಕೊಡುತ್ತೇವೆ. ಆಸರು ಎಂದರೆ ದಣಿವೂ ಹೌದು, ಬಾಯಾರಿಕೆಯೂ ಹೌದು. ಅಲ್ಲಿಯವರು ಮೊದಲು ವಿಚಾರಿಸುವುದು ಬಂದವನ ಗಂಟಲನ್ನು.

ಒಳಗಿಂದ ಬಂದದ್ದು ದಾಸವಾಳದ ಬಣ್ಣದ ನೀರು. ಬೆಲ್ಲ, ಚಿಟಿಕೆ ಉಪ್ಪು, ಜಜ್ಜಿದ ಅರ್ಧ ಸೂಜಿಮೆಣಸು. ಮೊದಲು ಹುಳಿ ಹಲ್ಲನ್ನು ಹಿಡಿಯಿತು, ಹಿಂದೆಯೇ ಬೆಲ್ಲ ಸಮಾಧಾನ ಹೇಳಿತು. ಎಲ್ಲ ಮುಗಿಯಿತೆಂದು ಲೋಟ ಕೆಳಗಿಟ್ಟ ಮೇಲೆ ಮೆಣಸು ಗಂಟಲಲ್ಲಿ ಮೆಲ್ಲಗೆ ದೀಪ ಹಚ್ಚಿತು. ಐಸಿಲ್ಲದಿದ್ದರೂ ತಣ್ಣಗಿತ್ತು. ಚೊಂಬಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿ ಬರುವ ಕಡೆ ತೂಗುಹಾಕಿದ್ದರು. ಬಟ್ಟೆಯ ನೀರು ಆರುತ್ತ ಆರುತ್ತ ಒಳಗಿನ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ ಎಂದು ನಾನೂ ಶಾಲೆಯಲ್ಲಿ ಓದಿ, ಬರೆದು, ಅಂಕ ತೆಗೆದುಕೊಂಡವನೇ. ಕುಡಿದದ್ದು ಮಾತ್ರ ಇದೇ ಮೊದಲು.

"ಎಲ್ಲಿ ಉಳ್ಕಂಡಿದೀರಿ?"

ಡೇರೆ ತೋರಿಸಿದೆ. ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು.

"ಜಗಲಿ ಖಾಲಿ ಇತ್ತಲ ತಮಾ. ಬಯಲಲ್ಲಿ ಯಾಕೆ ಮಲಗ್ತೀರಿ?"

ಡೇರೆಗೆ ಕೊಟ್ಟ ದುಡ್ಡಿನ ಲೆಕ್ಕವನ್ನು ಅವರಿಗೆ ಹೇಳಲಿಲ್ಲ. ಅವರು ನೀರಿನ ನಡುವೆ ಎತ್ತಲೋ ಕೈ ತೋರಿಸಿ, ತಾನು ಹುಡುಗಿಯಾಗಿದ್ದಾಗಿನ ಮನೆ ಅಲ್ಲಿತ್ತು, ನೀರು ಏರಿದಾಗ ಮನೆಯ ತೊಲೆ, ಹೆಂಚು ಬಿಚ್ಚಿಕೊಂಡು ಗಾಡಿಯಲ್ಲಿ ಹೇರಿದ್ದರು ಎಂದರು. ಹೊಸ ಮನೆ ಏಳುವವರೆಗೆ ಸೋಗೆ ಚಪ್ಪರದ ಕೆಳಗೇ ಇದ್ದರಂತೆ. "ಒಂದು ಮಳೆಗಾಲ ಪೂರಾ," ಎಂದು ನಕ್ಕು ಸಿಪ್ಪೆ ಮಗುಚಲು ಎದ್ದರು.

ಆ ರಾತ್ರಿ ಜಗಲಿಯಲ್ಲೇ ಮಲಗಿದೆವು. ಹೊರಡುವಾಗ ಅರ್ಧ ಕಿಲೊ ಸಿಪ್ಪೆ ಕಟ್ಟಿಕೊಟ್ಟರು.

ಈಗ ನಮ್ಮ ಮನೆಯಲ್ಲಿ ಅದಕ್ಕೆ ಡೇರೆ ಪಾನಕ ಎಂದು ಹೆಸರು. ಒಂದು ಹಿಡಿ ಸಿಪ್ಪೆ ಒಂದೆರಡು ಗಂಟೆ ನೆನೆಯಬೇಕು, ಕಿವುಚಿ ಸೋಸಬೇಕು. ಉಳಿದದ್ದು ನಾಲಿಗೆಗೆ ಬಿಟ್ಟದ್ದು. ಸೂಜಿಮೆಣಸು ಸಿಗದ ದಿನ ಕಾಳುಮೆಣಸು ಹಾಕಿ ಮನೆಯವರ ಕಣ್ಣು ತಪ್ಪಿಸುತ್ತೇನೆ. ಫ್ರಿಜ್ಜಿನಲ್ಲಿಡಲು ಮಗಳು ಬಿಡುವುದಿಲ್ಲ. ಒದ್ದೆ ಟವೆಲ್ ಸುತ್ತಿದ ಚೊಂಬು ಮೂರನೆಯ ಮಹಡಿಯ ಬಾಲ್ಕನಿಯಲ್ಲಿ, ಬಟ್ಟೆ ಒಣಹಾಕುವ ಹಗ್ಗಕ್ಕೆ ನೇತಾಡುತ್ತದೆ.

ಹೋದ ಭಾನುವಾರ ಕೆಳಗಿನ ಮನೆಯ ಆಂಟಿ ಮೆಟ್ಟಿಲು ಹತ್ತಿ ಬಂದರು. ಏದುಸಿರು, ಕೈಯಲ್ಲಿ ಒಂದು ಬಿಳಿ ಪಂಚೆ. "ಒಗೆದು ಹಾಕಿದ್ದರ ಮೇಲೆ ನಿಮ್ಮನೆ ನೀರು ತೊಟ್ಟಿಕ್ಕುತ್ತೆ, ನೋಡಿ" ಎಂದು ಪಂಚೆ ಬಿಡಿಸಿ ಹಿಡಿದರು. ನಡುವೆ ತಿಳಿ ಕೆಂಪಿನ ನಾಲ್ಕು ಚುಕ್ಕೆ. ನಾನು ಕ್ಷಮೆ ಕೇಳಲು ಮಾತು ಹುಡುಕುತ್ತಿದ್ದೆ. ಅಷ್ಟರಲ್ಲಿ ಮಗಳು ಬಾಗಿಲ ಸಂದಿಯಿಂದ ತಲೆ ತೂರಿಸಿ ಕೇಳಿದಳು:

"ಆಂಟಿ, ಆಸರಿಗೆ ಏನು ಕೊಡ್ಲಿ?"