ಕುಂಭಕರ್ಣನನ್ನು ಮೆಲ್ಲಗೆ ಎಬ್ಬಿಸೋದು ಹೇಗೆ?

2008ರ ಬೇಸಿಗೆ. ಅಮ್ಮ ಮೈಸೂರಿನಿಂದ ಲಂಡನ್ನಿಗೆ ಬಂದಿದ್ದರು. ಬ್ರಿಟಿಷ್ ಲೈಬ್ರರಿಯಲ್ಲಿ ರಾಮಾಯಣದ ಚಿತ್ರಗಳ ಪ್ರದರ್ಶನ ಇತ್ತು, ಕರೆದುಕೊಂಡು ಹೋದೆ. ಕುಂಭಕರ್ಣನನ್ನು ಎಬ್ಬಿಸುವ ಚಿತ್ರದ ಮುಂದೆ ನಿಂತವರೇ ಶುರು ಮಾಡಿಬಿಟ್ಟರು. "ನೋಡೋ, ಕಿವಿ ಹತ್ರ ಗಲಾಟೆ ಮಾಡ್ತಿದಾರೆ. ಎದ್ದ ತಕ್ಷಣ ತಿನ್ನಕ್ಕೆ ಊಟಾನೂ ರೆಡಿ!" ಸುತ್ತ ಇದ್ದವರೆಲ್ಲ ಗಪ್‌ಚುಪ್. ನನಗೆ ಮುಜುಗರ. "ಅಮ್ಮಾ, ಮೆಲ್ಲಗೆ" ಅಂದೆ.

"ಕುಂಭಕರ್ಣನ್ನ ಎಬ್ಬಿಸೋ ಕತೇನ ಮೆಲ್ಲಗೆ ಹೇಳಕ್ಕಾಗತ್ತೇನೋ?"

ಅದು ರಾಜಸ್ಥಾನದ ಮೇವಾಡದ ರಾಣಾ ಜಗತ್ ಸಿಂಗ್ ಬರೆಸಿದ ವಾಲ್ಮೀಕಿ ರಾಮಾಯಣದ ಹಸ್ತಪ್ರತಿ. ಕೆಲಸ ನಡೆದದ್ದು 1649ರಿಂದ 1653ರವರೆಗೆ. 400ಕ್ಕೂ ಜಾಸ್ತಿ ಚಿತ್ರಗಳಿದ್ದವು. ಯುದ್ಧಕಾಂಡ ಬಿಡಿಸಿದವನು ಸಾಹಿಬ್‌ದೀನ್, ಒಬ್ಬ ಮುಸ್ಲಿಂ ಕಲಾವಿದ. ಅವನ ಹಾಳೆಯಲ್ಲಿ ಒಬ್ಬನೇ ಮನುಷ್ಯ ಎರಡು ಮೂರು ಕಡೆ ಕಾಣಿಸುತ್ತಾನೆ. ಇಲ್ಲಿ ಮಲಗಿದ್ದಾನೆ, ಅಲ್ಲಿ ಎದ್ದಿದ್ದಾನೆ. ಫೋಟೋ ನೋಡಿ ಬೆಳೆದ ನಮಗೆ ಮೊದಲು ತಲೆಬುಡ ತಿಳಿಯೋದಿಲ್ಲ. ಹಂಪಿಯ ಹಜಾರ ರಾಮ ಗುಡಿಯಲ್ಲಿ ಕತೆ ತಿಳಿಯಬೇಕಾದರೆ ಗೋಡೆಯ ಸುತ್ತ ನಾವೇ ನಡೆಯಬೇಕು. ಇಲ್ಲಿ ಕೂತಲ್ಲೇ ಕಣ್ಣು ಸುತ್ತು ಹಾಕಬೇಕು.

ಹಾಗೆ ಸುತ್ತು ಹಾಕಿಸೋಕೆ ಯಾರಾದರೂ ಕತೆ ಹೇಳಬೇಕು ಅನ್ನೋದು ನನ್ನ ಅನಿಸಿಕೆ. ನಮ್ಮ ಕಡೆ ಗಮಕಿ ಒಂದು ಪದ್ಯ ಹಾಡುತ್ತಾರೆ, ಪಕ್ಕದಲ್ಲಿ ಕೂತವರು ಬಿಡಿಸಿ ಹೇಳುತ್ತಾರೆ. ಪದ್ಯ ಅರ್ಧ ತಿಳಿಯದಿದ್ದರೂ ಮನೆಗೆ ಬರುವಾಗ ಕತೆ ಜೊತೆಗಿರುತ್ತದೆ. ಇಲ್ಲಿನ ರೀತಿ ಬೇರೆ. ಒಂದು ಪುಟ್ಟ ಚೀಟಿ, ಮಂದ ಬೆಳಕು, ಮೌನ. ಬೆಳಕು ಮಂದ ಇರಲೇಬೇಕು, ಇಲ್ಲದಿದ್ದರೆ ಬಣ್ಣ ಮಾಸುತ್ತದೆ. ಅಷ್ಟು ಜೋಪಾನ ನಮ್ಮಲ್ಲಿ ಕಮ್ಮಿ, ಒಪ್ಪಿಕೊಳ್ಳೋಣ. ನಮ್ಮಜ್ಜನ ಮನೆ ಅಟ್ಟದಲ್ಲಿದ್ದ ಓಲೆಗರಿ ಕಟ್ಟನ್ನು ಗೆದ್ದಲು ತಿಂದಾಗ ಯಾರಿಗೂ ಗೊತ್ತೇ ಆಗಲಿಲ್ಲ. ಆದರೆ ಆ ಮೌನ? ಮೇವಾಡದ ಹಾಳೆಯ ಒಂದು ಬದಿ ಚಿತ್ರ, ಇನ್ನೊಂದು ಬದಿ ಶ್ಲೋಕ. ಗೋಡೆಗೆ ಹಾಕಿದಾಗ ಚಿತ್ರ ಮಾತ್ರ ನಮ್ಮ ಕಡೆ ಇರುತ್ತದೆ. ಮಾತೆಲ್ಲ ಗೋಡೆ ಪಾಲು.

ಈ ರಾಮಾಯಣದ ಕೆಲವು ಸಂಪುಟಗಳನ್ನು ಮಹಾರಾಣಾ ಭೀಮ್ ಸಿಂಗ್ ಬ್ರಿಟಿಷ್ ಅಧಿಕಾರಿ ಕರ್ನಲ್ ಟಾಡ್‌ಗೆ ಉಡುಗೊರೆ ಕೊಟ್ಟಿದ್ದ. ಹಾಗೆ ಅವು ಇಂಗ್ಲೆಂಡ್ ಸೇರಿದವು. ಬಾಲಕಾಂಡದ ಬಹುಪಾಲು ಮುಂಬೈಯ ಮ್ಯೂಸಿಯಂನಲ್ಲಿದೆ. 2014ರಲ್ಲಿ ಎರಡೂ ಕಡೆಯವರು ಸೇರಿ ಹಾಳೆಗಳನ್ನು ಕಂಪ್ಯೂಟರಿನಲ್ಲಿ ಒಟ್ಟುಗೂಡಿಸಿದರು. ನನಗೆ ಪ್ರದರ್ಶನಕ್ಕಿಂತ ಇದೇ ಇಷ್ಟ. ಸುಮ್ನೆ ಹೇಳ್ತಿಲ್ಲ. ಭಾನುವಾರ ಮಗಳು ಲ್ಯಾಪ್‌ಟಾಪಿನಲ್ಲಿ ಕುಂಭಕರ್ಣನ ಮೀಸೆ ದೊಡ್ಡದು ಮಾಡಿ ನೋಡುತ್ತಾಳೆ. ಮೈಸೂರಿನಿಂದ ಅಮ್ಮ ಫೋನಿನಲ್ಲಿ ಕತೆ ಹೇಳುತ್ತಾರೆ. ಈಗ ಅವರಿಗೆ ಕಿವಿ ಮಂದ, ದನಿ ಇನ್ನೂ ಜೋರು. ಪಕ್ಕದ ಮನೆಯವರಿಗೆ ಒಂದು ಡಬ್ಬಿ ಚಕ್ಕುಲಿ ಕೊಟ್ಟು ಬಂದಿದ್ದೇನೆ.